ಮಾಸಾಶನ ಕೊಡ್ತೀರ ಸರಿ, ಪಂಕ್ತೀಲಿ ಒಂದು ಜಾಗಾನೂ ಕೊಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ವಾಚಕರ ಪತ್ರ ಚಿಕ್ಕದಾಗಿರ್ಲಿ ಅಂತ ನೀವು ಕಾಲಂ ಕೆಳಗೇ ಹಾಕಿರ್ತೀರ, ಗೊತ್ತು, ಆದ್ರೆ ಇದು ಚಿಕ್ಕದಾಗೋ ವಿಷಯ ಅಲ್ಲ. ಕತ್ತರಿ ಹಾಕ್ಲೇಬೇಕು ಅಂದ್ರೆ ನನ್ನ ಪರಿಚಯ ತೆಗ್ದುಬಿಡಿ, ಬಸ್ಸಿನ ವಿಷಯ ಮತ್ತೆ ಕಲ್ಯಾಣ ಮಂಟಪದ ವಿಷಯ ಮಾತ್ರ ಉಳಿಸ್ಕೊಳ್ಳಿ ಸಾರ್.

ನಾನು ಹಾಸನ ಜಿಲ್ಲೆಯವನು, ಒಂದು ತಾಲೂಕು ಕೇಂದ್ರದಲ್ಲಿ ಮನೆ, ವಯಸ್ಸು ಇಪ್ಪತ್ತಾರು, ಬಿಕಾಂ ಆಗಿದೆ. ಹುಟ್ಟಿದಾಗಿಂದ ಸೆರೆಬ್ರಲ್ ಪಾಲ್ಸಿ. ಅಂದ್ರೆ ಮೆದುಳು ಹೇಳಿದ್ದು ಕೈಕಾಲಿಗೆ ಸರಿಯಾಗಿ ಮುಟ್ಟಲ್ಲ, ಕಾಲು ಬಿಗಿ, ಮಾತು ಸ್ವಲ್ಪ ಎಳೆದಂಗೆ ಬರುತ್ತೆ, ತಲೆ ಮಾತ್ರ ಚೆನ್ನಾಗೇ ಓಡುತ್ತೆ, ಅಮ್ಮನ ಪ್ರಕಾರ ಬೇಕಾಗಿದ್ದಕ್ಕಿಂತ ಜಾಸ್ತೀನೇ ಓಡುತ್ತೆ. ವೀಲ್‌ಚೇರಲ್ಲಿ ಓಡಾಡ್ತೀನಿ. ಮನೇಲಿ ಕೂತ್ಕೊಂಡೇ ನಮ್ಮೂರಿನ ಕೆಲವು ಅಂಗಡಿಯವರಿಗೆ ಜಿಎಸ್‌ಟಿ ಲೆಕ್ಕ ಹಾಕ್ಕೊಡ್ತೀನಿ, ನನ್ನ ಖರ್ಚಿಗೆ ಆಗುತ್ತೆ.

ನಮ್ಮಂಥ ಹುಡುಗ್ರು ಹುಡುಗೀರ ಬಗ್ಗೆ ಪೇಪರಲ್ಲಿ ಎರಡೇ ಥರ ಸುದ್ದಿ ಬರೋದು. ಒಂದು, ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ ಹತ್ರ ಬಂದಾಗ ಶಾಸಕರು ತ್ರಿಚಕ್ರ ವಾಹನ ಹಂಚೋ ಫೋಟೋ. ಇನ್ನೊಂದು, ಯಾರೋ ಒಬ್ರು ಎಲ್ಲಾನೂ ಮೆಟ್ಟಿ ನಿಂತು ಐಎಎಸ್ ಪಾಸ್ ಮಾಡಿದ್ರು, ಪದಕ ತಂದ್ರು ಅನ್ನೋದು. ಎರಡೂ ಬರ್ಲಿ, ಬೇಡ ಅನ್ನಲ್ಲ. ಆದ್ರೆ ಈ ಎರಡರ ಮಧ್ಯದಲ್ಲಿ ಇರೋರೇ ನಾವು ಮುಕ್ಕಾಲು ಪಾಲು ಜನ, ಮತ್ತೆ ನಮಗೆ ದಿನಾ ಇಲ್ದೆ ಇರೋದು ಏನು ಅಂದ್ರೆ ಸುಮ್ನೆ ಹೊರಗೆ ಹೋಗೋದು. ಆಸ್ಪತ್ರೆಗೆ ಅಲ್ಲ, ಸರ್ಟಿಫಿಕೇಟ್‌ಗೆ ಅಲ್ಲ, ತಾಲೂಕು ಆಫೀಸಿಗೆ ಅಲ್ಲ, ಸುಮ್ನೆ. ಸಾಯಂಕಾಲ ಐದೂವರೆಗೆ ಟೀ ಅಂಗಡಿ ಹತ್ರ ನಿಂತ್ಕೊಂಡು ಆರ್‌ಸಿಬಿ ಬಗ್ಗೆ ಜಗಳ ಆಡೋದು, ಶುಕ್ರವಾರ ಹೊಸ ಸಿನಿಮಾ ಬಂತು ಅಂದ್ರೆ ಹೊರಡೋದು, ಗಣೇಶ ಬಿಡೋ ದಿವಸ ತಮಟೆ ಹಿಂದೆ ಹೋಗೋದು. ಇಪ್ಪತ್ತಾರು ವಯಸ್ಸಿನ ಬೇರೆ ಯಾರನ್ನೂ ಎಲ್ಲಿಗೆ ಹೋಗ್ತಿದೀಯ, ಏನು ಕೆಲಸ ಅಂತ ಊರೋರು ಕೇಳಲ್ಲ. ನಾನು ಗೇಟ್ ದಾಟಿದ್ರೆ ಸಾಕು, "ಯಾಕಪ್ಪ, ಹುಷಾರಿಲ್ವಾ, ಆಸ್ಪತ್ರೆಗಾ?"

ಇದು ಸಣ್ಣ ಆಸೆ, ಐಷಾರಾಮಿ ಅಂತ ಅನ್ಸಬಹುದು. ಕಾನೂನಿಗೆ ಹಂಗೆ ಅನ್ಸಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆಯಲ್ಲ, ಹಳೇ 1995ರ ಕಾಯ್ದೇಲಿ ಏಳೇ ಥರದ ವೈಕಲ್ಯ ಇದ್ದಿದ್ದನ್ನ ಇಪ್ಪತ್ತೊಂದು ಮಾಡಿದ್ದು, ಅದ್ರಲ್ಲಿ ಸೆಕ್ಷನ್ 29 ಪೂರ್ತಿ ಸಂಸ್ಕೃತಿ ಮತ್ತು ಮನರಂಜನೆ ಬಗ್ಗೇನೇ ಇದೆ, ಸೆಕ್ಷನ್ 30 ಆಟದ ಬಗ್ಗೆ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆ ಒಪ್ಪಂದಕ್ಕೆ ನಮ್ಮ ದೇಶ 2007ರಲ್ಲೇ ಒಪ್ಪಿದೆ, ಅದ್ರಲ್ಲೂ 30ನೇ ಕಲಂ ಇದೇ, ಬಿಡುವು, ಆಟ, ನಾಟಕ, ಸಿನಿಮಾ. ಮೀಸಲಾತಿ ಮಾಸಾಶನ ಎಷ್ಟು ಹಕ್ಕೋ ಊರ ಕಟ್ಟೆ ಮೇಲೆ ಕೂತು ಹರಟೋದೂ ಅಷ್ಟೇ ಹಕ್ಕು, ಇದು ನನ್ನ ತರ್ಲೆ ಅಲ್ಲ.

2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷದ ಮೇಲಿದ್ರು. ಅದೂ ಇಪ್ಪತ್ತೊಂದು ಥರ ಆಗೋಕೆ ಮುಂಚೆ ಎಣಿಸಿದ್ದು. ಇಷ್ಟು ಜನ ನಿಮ್ಮೂರ ಸಂತೇಲಿ, ಥಿಯೇಟರಲ್ಲಿ, ಹೋಟೆಲಲ್ಲಿ ಎಷ್ಟು ಸಲ ಕಣ್ಣಿಗೆ ಬಿದ್ದಿದಾರೆ, ನೀವೇ ಯೋಚನೆ ಮಾಡಿ.

ಸರ್ಕಾರದ್ದು ಏನೂ ಇಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ. ನನಗೆ ತಿಂಗಳಿಗೆ 1400 ರೂಪಾಯಿ ಬರುತ್ತೆ, ಶೇ 75ರ ಮೇಲೆ ವೈಕಲ್ಯ ಇರೋರಿಗೆ ಅಷ್ಟು. ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ, ಇದೆ. ಪಂಚಾಯ್ತಿಗೊಬ್ರು ವಿಆರ್‌ಡಬ್ಲ್ಯೂ ಅಂತ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅವರೂ ಬಹಳ ಜನ ಅಂಗವಿಕಲರೇ, ಪಾಪ ಕಡಿಮೆ ಗೌರವಧನಕ್ಕೆ ಹಗಲೂ ರಾತ್ರಿ ಅರ್ಜಿ ತುಂಬಿಸ್ತಾರೆ. ಆದ್ರೆ ಈ ಎಲ್ಲಾ ಯೋಜನೆ ಒಟ್ಟಿಗೆ ಇಟ್ಕೊಂಡು ನೋಡಿದ್ರೆ ಒಂದು ಕಾಣುತ್ತೆ, ಇವೆಲ್ಲಾ ನಮ್ಮನ್ನ ಮನೇಲೇ ಚೆನ್ನಾಗಿ ನೋಡ್ಕೊಳ್ಳೋಕೆ ಇರೋವು. 2023ರ ವಿಧಾನಸಭೆ ಎಲೆಕ್ಷನ್‌ನಲ್ಲಿ ಮನೆಯಿಂದಾನೇ ವೋಟು ಹಾಕೋ ಸೌಲಭ್ಯ ಬಂತು, 12ಡಿ ಫಾರ್ಮ್ ಕೊಟ್ರೆ ಅವರೇ ಮನೆಗೆ ಬರ್ತಾರೆ. ಹಾಸಿಗೆ ಬಿಟ್ಟು ಏಳೋಕಾಗದೇ ಇರೋರಿಗೆ ಅದು ದೊಡ್ಡ ಉಪಕಾರ. ನಮ್ಮನೆಗೂ ಬಂದು ಕೇಳಿದ್ರು, ನಾನು ಬೇಡ ಅಂದೆ. ಯಾಕಂದ್ರೆ ವೋಟಿನ ದಿವಸ ಶಾಲೆ ಹತ್ರ ಇಡೀ ಊರು ಸೇರಿರುತ್ತೆ, ಬೆಂಗಳೂರಿಂದ ಹುಡುಗ್ರೆಲ್ಲಾ ಬಂದಿರ್ತಾರೆ, ಬೆರಳಿಗೆ ಇಂಕ್ ಹಾಕಿಸ್ಕೊಂಡು ಫೋಟೋ ತೆಗಿಸ್ಕೋತಾರೆ, ಅದನ್ನೂ ಬಿಟ್ಟು ಮನೇಲಿ ಕೂತು ಲಕೋಟೆ ಅಂಟಿಸ್ಲಾ? ಮೇ 10ಕ್ಕೆ ಬೂತಿಗೇ ಹೋದೆ, ಬಿಸಿಲು ಜೋರಿತ್ತು, ಕ್ಯೂನಲ್ಲಿ ಮುಂದಕ್ಕೆ ಬಿಟ್ರು, ಅದೊಂದು ಬೇಜಾರು, ಕ್ಯೂನಲ್ಲೇ ತಾನೇ ಎಲ್ರೂ ಸಿಗೋದು.

ಈಗ ಬಸ್ಸು. ನಮಗೆ ಸರ್ಕಾರಿ ಬಸ್ಸಿಗೆ ರಿಯಾಯಿತಿ ಪಾಸ್ ಇದೆ, ವರ್ಷಕ್ಕೆ 660 ರೂಪಾಯಿ, ಮನೆಯಿಂದ ನೂರು ಕಿಲೋಮೀಟರ್ ಒಳಗೆ ಎಷ್ಟು ಬೇಕಾದ್ರೂ ಓಡಾಡಬಹುದು. ಒಳ್ಳೇ ಪಾಸು. ಆದ್ರೆ ಹತ್ತೋದು ಹೆಂಗೆ? ಹಳ್ಳಿ ಕಡೆ ಬರೋ ಕೆಂಪು ಬಸ್ಸಿನ ಮೊದಲನೇ ಮೆಟ್ಲು ನನ್ನ ವೀಲ್‌ಚೇರಿನ ಸೀಟಿಗೆ ಹತ್ರ ಹತ್ರ ಬರುತ್ತೆ, ಆಮೇಲೆ ಇನ್ನೂ ಎರಡು ಮೆಟ್ಲು, ಮಧ್ಯದಲ್ಲಿ ಒಂದು ಕಂಬಿ. ಇಬ್ರು ಎತ್ತಬೇಕು, ಒಬ್ಬ ಕಂಕುಳಿಗೆ ಕೈ ಹಾಕಿ, ಇನ್ನೊಬ್ಬ ಮೊಣಕಾಲು ಹಿಡ್ಕೊಂಡು, ಇನ್ಯಾರಾದ್ರೂ ವೀಲ್‌ಚೇರ್ ಮಡಚಿ ಎಂಜಿನ್ ಪಕ್ಕ ತಳ್ಬೇಕು. ಕಂಡಕ್ಟರ್‌ಗಳು ಕೆಟ್ಟೋರಲ್ಲ, ಬಹಳ ಜನ ಅವರೇ ಇಳಿದು ಬಂದು ಎತ್ತುತ್ತಾರೆ, ಆದ್ರೆ ಬಸ್ ತುಂಬ ಜನ ಟೈಮ್ ನೋಡ್ತಾ ಕೂತಿರ್ತಾರಲ್ಲ, ಆ ಎರಡು ನಿಮಿಷ ಇದೆಯಲ್ಲ ಸಾರ್, ಅದನ್ನ ನೆನೆಸ್ಕೊಂಡೇ ಎಷ್ಟೋ ಜನ ಹೊರಡೋದನ್ನೇ ಬಿಟ್ಟಿದಾರೆ. ಬೆಂಗಳೂರಲ್ಲಿ ಮೆಟ್ರೋ ಇದೆ, ಲಿಫ್ಟ್ ಇದೆ, ಕಣ್ಣು ಕಾಣದವರು ಕಾಲಲ್ಲೇ ಗುರುತು ಹಿಡ್ಕೊಂಡು ಹೋಗೋಕೆ ಉಬ್ಬು ಹಳದಿ ಟೈಲ್ಸ್ ಇದೆ, ಬೋಗಿ ಒಳಗೆ ವೀಲ್‌ಚೇರ್‌ಗೆ ಜಾಗ ಇದೆ, ಕೆಳಗಿನ ನೆಲದ ಬಸ್ಸೂ ಇವೆ. ಒಂದ್ಸಲ ಮಾಮನ ಮನೆಗೆ ಹೋದಾಗ ಮೆಟ್ರೋದಲ್ಲಿ ಮೆಜೆಸ್ಟಿಕ್‌ವರೆಗೂ ಹೋಗಿ ಯಾರನ್ನೂ ಏನೂ ಕೇಳ್ದೆ ವಾಪಸ್ ಬಂದೆ, ಯಾವ ಕೆಲಸಾನೂ ಇರ್ಲಿಲ್ಲ. ಸ್ಟೇಷನ್ ಹೊರಗೆ ಬಂದ್ರೆ ಫುಟ್‌ಪಾತ್ ಶುರು ಆಗೋ ಕಡೆ ಬೈಕ್ ಹತ್ತಬಾರ್ದು ಅಂತ ಕಂಬ ನೆಟ್ಟಿರ್ತಾರೆ, ಬೈಕಿನವರು ಹೆಂಗೋ ನುಗ್ಗಿ ಹೋಗ್ತಾರೆ, ನಿಲ್ಲೋದು ವೀಲ್‌ಚೇರ್ ಮಾತ್ರ, ಅದು ಬೇರೆ ಕಥೆ.

ನಮ್ಮ ತಾಲೂಕಿಗೆ ಮೆಟ್ರೋ ತನ್ನಿ ಅಂತ ನಾನು ಕೇಳ್ತಿಲ್ಲ. ಶ್ರವಣಬೆಳಗೊಳದಲ್ಲಿ ಬೆಟ್ಟ ಹತ್ತೋಕಾಗದವರನ್ನ ಡೋಲೀಲಿ ಕೂರಿಸ್ಕೊಂಡು ನೂರಾರು ಮೆಟ್ಲು ಹತ್ತಿಸ್ತಾರೆ, ಅಂಥಾ ಬೆಟ್ಟಕ್ಕೇ ದಾರಿ ಹುಡುಕಿದ ಜಿಲ್ಲೆ ನಮ್ದು, ಬಸ್ಸಿನ ಮೂರು ಮೆಟ್ಲಿಗೆ ಆಗಲ್ವಾ? ಒಂದೊಂದು ಡಿಪೋಗೆ ರ‍್ಯಾಂಪ್ ಇರೋ ಬಸ್ಸು ಎರಡೇ ಎರಡು ಕೊಡಿ, ಯಾವ ರೂಟು, ಎಷ್ಟು ಗಂಟೆಗೆ ಅಂತ ಬಸ್ ಸ್ಟ್ಯಾಂಡಲ್ಲಿ ಬರೆದು ಹಾಕಿ. ನಾವು ನಮ್ಮ ಸಿನಿಮಾ ಟೈಮನ್ನ ಅದಕ್ಕೆ ಹೊಂದಿಸ್ಕೋತೀವಿ.

ಬಸ್ ಸ್ಟ್ಯಾಂಡ್ ಅಂದ ಕೂಡ್ಲೇ ಟಾಯ್ಲೆಟ್. ಇದನ್ನ ಬರೆಯೋಕೆ ಮುಜುಗರ ಆದ್ರೂ ಬರೀತೀನಿ, ಯಾರೂ ಬರೆಯಲ್ಲ. ಹೊರಗೆ ಹೋಗೋ ದಿವಸ ಬೆಳಿಗ್ಗೆಯಿಂದ ನಾನು ನೀರು ಕುಡಿಯಲ್ಲ. ನನಗೆ ಗೊತ್ತಿರೋ ಒಬ್ಬ ಹುಡುಗಿ, ಬೆನ್ನುಮೂಳೆ ಏಟಾಗಿ ವೀಲ್‌ಚೇರಲ್ಲಿರೋಳು, ಹಿಂದಿನ ರಾತ್ರಿಯಿಂದಾನೇ ನಿಲ್ಲಿಸ್ತಾಳೆ, ಅದ್ರಿಂದ ಇನ್‌ಫೆಕ್ಷನ್ ಆಗಿ ಆಸ್ಪತ್ರೆ ಸೇರಿ ಬಂದ್ಮೇಲೆ ಅವರಪ್ಪ ಹೊರಗೆ ಕಳಿಸೋದೇ ನಿಲ್ಲಿಸಿಬಿಟ್ರು. ಅಪ್ಪನ್ನ ಬೈದು ಏನು ಪ್ರಯೋಜನ, ಬಾಗಿಲು ಅಗಲ ಇರೋ, ಹಿಡ್ಕೊಳ್ಳೋಕೆ ಒಂದು ಕಂಬಿ ಇರೋ ಟಾಯ್ಲೆಟ್ ಒಂದು ಇದ್ದಿದ್ರೆ ಅವಳು ಇವತ್ತು ಹೊರಗೆ ಓಡಾಡ್ಕೊಂಡಿರ್ತಿದ್ಲು. ಎಷ್ಟೋ ಕಡೆ ಅಂಗವಿಕಲರ ಶೌಚಾಲಯ ಅಂತ ಬೋರ್ಡ್ ಇರುತ್ತೆ, ಬೀಗ ಹಾಕಿರುತ್ತೆ, ಒಳಗೆ ಪೊರಕೆ, ಫಿನಾಯಿಲ್ ಕ್ಯಾನು.

ರ‍್ಯಾಂಪ್ ಕಥೇನೂ ಇದೇ. ನಿಯಮ ಏನು ಹೇಳುತ್ತೆ ಅಂದ್ರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ನಮ್ಮ ಕಡೆ ಮೂರು ಮೆಟ್ಲಿನ ಪಕ್ಕ ನಾಲ್ಕಡಿ ಉದ್ದಕ್ಕೆ ಸಿಮೆಂಟ್ ಸುರಿದು ರ‍್ಯಾಂಪ್ ಅಂತಾರೆ, ಅದ್ರಲ್ಲಿ ಇಳಿದ್ರೆ ನೇರ ರೋಡಿಗೆ. ಬಿಲ್ ಪಾಸ್ ಆಗಿರುತ್ತೆ. 2017ರ ಜೂನ್‌ನಲ್ಲಿ ಕಾಯ್ದೆಯ ನಿಯಮ ಬಂದಾಗ ಇರೋ ಸಾರ್ವಜನಿಕ ಕಟ್ಟಡಗಳನ್ನೆಲ್ಲಾ ಐದು ವರ್ಷದಲ್ಲಿ ಸರಿ ಮಾಡ್ತೀವಿ ಅಂತ ಇತ್ತು, 2022ಕ್ಕೆ ಆ ಗಡುವು ಮುಗೀತು, ಯಾರೂ ಸದ್ದೇ ಮಾಡ್ಲಿಲ್ಲ. ಕಣ್ಣು ಕಾಣದ ರಾಜೀವ್ ರಾತೂರಿ ಅನ್ನೋರು 2005ರಲ್ಲೇ ಹಾಕಿದ್ದ ಕೇಸಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ಹೇಳಿತು, ನಿಮ್ಮ ನಿಯಮ ಬರೀ ಸಲಹೆ ಥರ ಇದೆ, ಮಾಡ್ಲೇಬೇಕಾದ್ದು ಯಾವುದು ಅಂತ ಬೇರೆ ಮಾಡಿ ಮೂರು ತಿಂಗಳಲ್ಲಿ ಬರೀರಿ ಅಂತ. ಕಡ್ಡಾಯ ಅನ್ನೋ ಕಾಯ್ದೇನ ಸಲಹೆ ಮಾಡ್ಕೊಂಡು ಏಳು ವರ್ಷ ನಡೆಸಿದ್ರು ಅಂದ್ರೆ ನಮ್ಮೂರ ಸಿಮೆಂಟ್ ಕಂಟ್ರಾಕ್ಟರ್‌ನ ಒಬ್ಬನ್ನೇ ಬೈಯ್ಯೋಕಾಗಲ್ಲ.

ಆದ್ರೆ ನಿಜ ಹೇಳ್ಬೇಕು ಅಂದ್ರೆ ಮೆಟ್ಲು ಟಾಯ್ಲೆಟ್ಟು ಇದ್ಯಾವುದೂ ನನ್ನನ್ನ ಕಾಲೇಜು ಮುಗಿಯೋವರೆಗೂ ಅಷ್ಟು ತಡೀಲಿಲ್ಲ. ಯಾಕೆ ಅಂದ್ರೆ ಹುಡುಗ್ರಿದ್ರು. ನನ್ನ ಕಾಲೇಜಲ್ಲಿ ಬಿಕಾಂ ಕ್ಲಾಸು ಮೊದಲನೇ ಮಹಡೀಲಿ, ಕೆಳಗೆ ಇಳಿಸಿ ಅಂತ ಅರ್ಜಿ ಕೊಟ್ರೆ ನೋಡೋಣ ನೋಡೋಣ ಅಂತಾನೇ ವರ್ಷ ಕಳೀತು, ಅಷ್ಟ್ರಲ್ಲಿ ಹುಡುಗ್ರೇ ಒಂದು ಪದ್ಧತಿ ಮಾಡ್ಕೊಂಡುಬಿಟ್ಟಿದ್ರು, ನಾಲ್ಕು ಜನ ನಾಲ್ಕು ಕಡೆ ಹಿಡಿದು ಮಾತಾಡ್ತಾ ಮಾತಾಡ್ತಾ ಎತ್ಕೊಂಡು ಹೋಗೋರು, ಯಾರೂ ಅದನ್ನ ಸೇವೆ ಅನ್ನೋ ಥರ ಮುಖ ಮಾಡ್ತಿರ್ಲಿಲ್ಲ, ಲೇಟಾದ್ರೆ ನನಗೇ ಬೈಗುಳ. ಸಿನಿಮಾಗೂ ಹೋಗಿದೀವಿ, ಸಕಲೇಶಪುರದ ಕಡೆ ಮಳೇಲೂ ಹೋಗಿದೀವಿ. ಡಿಗ್ರಿ ಮುಗೀತು, ಒಬ್ಬ ಬೆಂಗಳೂರು ಪೀಣ್ಯ, ಒಬ್ಬ ಹೊಸೂರು, ಒಬ್ಬ ದುಬೈ. ಅವರದ್ದು ತಪ್ಪಲ್ಲ. ಆವತ್ತಿಂದ ನನ್ನ ಪ್ರಪಂಚ ಒಂದೇ ಸಲ ಕಿರಿದಾಯ್ತು.

ಇದು ನನ್ನೊಬ್ಬನದ್ದಲ್ಲ, ವ್ಯವಸ್ಥೇನೇ ಹಿಂಗಿದೆ. ಶಾಲೇಲಿ ಇರೋವರೆಗೂ ಬಿಐಇಆರ್‌ಟಿ ಮೇಷ್ಟ್ರು ಅಂತ ಇರ್ತಾರೆ, ತಾಲೂಕಿನ ಅಂಗವಿಕಲ ಮಕ್ಕಳನ್ನ ನೋಡ್ಕೊಳ್ಳೋಕೆ, ಶಾಲೆಗೆ ಬರೋಕೇ ಆಗದೇ ಇರೋ ಮಕ್ಕಳ ಮನೆಗೂ ಹೋಗ್ತಾರೆ. ಆ ಮನೆ ಪಾಠದ ಬಗ್ಗೇನೂ ನನಗೆ ಒಂದು ಕೊರಗಿದೆ, ಪಾಠ ಮನೆಗೆ ಬರುತ್ತೆ, ಜೊತೆ ಕೂರೋ ಮಕ್ಕಳು ಬರಲ್ಲ. ಇರ್ಲಿ. ಪಿಯುಸಿ ದಾಟಿದ್ರೆ ಅದೂ ಇಲ್ಲ. ಹದಿನೆಂಟರಿಂದ ಮೂವತ್ತೈದರವರೆಗೆ, ಜೀವನ ಶುರು ಆಗೋ ವಯಸ್ಸು, ಆ ಹೊತ್ತಿಗೆ ನಮ್ಮ ಹೆಸರು ಮಾಸಾಶನದ ಪಟ್ಟಿ ಬಿಟ್ರೆ ಬೇರೆ ಎಲ್ಲೂ ಇರಲ್ಲ. ಕಿವುಡರ ಶಾಲೇಲಿ ಹಾಸ್ಟೆಲಲ್ಲಿ ಬೆಳೆದ ಒಬ್ಬ ಗೆಳೆಯ ಇದಾನೆ, ಮೈಸೂರಲ್ಲಿ ಹತ್ತು ವರ್ಷ ಕೈಭಾಷೇಲಿ ಜಗಳ ಆಡ್ಕೊಂಡು ಜೋಕ್ ಹೊಡ್ಕೊಂಡು ಬೆಳೆದೋನು, ಓದು ಮುಗಿಸಿ ಹಳ್ಳಿಗೆ ಬಂದ್ರೆ ಅವನ ಭಾಷೆ ಗೊತ್ತಿರೋರು ಒಬ್ರೂ ಇಲ್ಲ. ಅವರಮ್ಮನಿಗೆ ಊಟ, ನೀರು, ದನ, ಮಳೆ ಇಷ್ಟು ಸನ್ನೆ ಬರುತ್ತೆ. ಇಪ್ಪತ್ಮೂರು ವರ್ಷದ ಹುಡುಗ ಅಮ್ಮನ ಹತ್ರ ಅಷ್ಟೇ ಮಾತಾಡ್ಕೊಂಡು ಎಷ್ಟು ದಿನ ಇರ್ತಾನೆ?

ಅವನನ್ನ ಉಳಿಸಿದ್ದು ಯಾವ ಯೋಜನೇನೂ ಅಲ್ಲ, ಜಿಯೋ. ನಗಬೇಡಿ. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗ ಆಯ್ತಲ್ಲ, ಅದೇ ವರ್ಷ ವಾಟ್ಸಾಪಲ್ಲಿ ವಿಡಿಯೋ ಕಾಲೂ ಬಂತು, ಕಿವಿ ಕೇಳಿಸದವರಿಗೆ ಮೊದಲನೇ ಸಲ ಫೋನ್ ಅನ್ನೋದು ಮಾತಾಡೋಕೆ ಸಿಕ್ತು. ಈಗ ರಾತ್ರಿ ಜಗುಲಿ ಮೇಲೆ ಫೋನನ್ನ ಗೋಡೆಗೆ ಒರಗಿಸಿಟ್ಟು ಎರಡೂ ಕೈ ಬೀಸಿ ಬೀಸಿ ಹಳೇ ಹಾಸ್ಟೆಲ್ ಗೆಳೆಯರ ಹತ್ರ ಮಾತಾಡ್ತಾನೆ. ಕಣ್ಣು ಕಾಣದವರಿಗೂ ಹಂಗೇ, ಟಾಕ್‌ಬ್ಯಾಕ್ ಆನ್ ಮಾಡ್ಕೊಂಡ್ರೆ ಫೋನು ಕನ್ನಡದಲ್ಲೇ ಓದಿ ಹೇಳುತ್ತೆ, ಉತ್ತರ ವಾಯ್ಸ್ ಮೆಸೇಜಲ್ಲಿ ಹೋಗುತ್ತೆ.

ಇನ್ನೊಂದು ತಮಾಷೆ, ನನಗೆ ಬಸ್ಸಲ್ಲಿ ನಿಜವಾಗ್ಲೂ ಉಪಯೋಗ ಆಗಿದ್ದು ಶಕ್ತಿ ಯೋಜನೆ. 2023ರ ಜೂನ್ 11ಕ್ಕೆ ಶುರು ಆಯ್ತಲ್ಲ, ಹೆಂಗಸರಿಗೆ ಫ್ರೀ. ನಾನು ಹೆಂಗಸಲ್ಲ. ಆದ್ರೆ ನನ್ನ ಜೊತೆ ಬರೋದು ಅಮ್ಮ ಅಥವಾ ಅಕ್ಕ, ನನ್ನ ಹತ್ರ ಪಾಸ್ ಇದ್ರೂ ಅವರ ಟಿಕೆಟ್ ದುಡ್ಡು ಲೆಕ್ಕ ಹಾಕಿ ಎಷ್ಟೋ ಸಲ ಬೇಡ ಬಿಡು ಅಂತ ಸುಮ್ನಾಗಿದ್ವಿ. ಈಗ ಆ ಲೆಕ್ಕ ಇಲ್ಲ. ನಮಗೋಸ್ಕರ ಅಂತ ಮಾಡಿದ್ದಕ್ಕಿಂತ ಎಲ್ಲರಿಗೋಸ್ಕರ ಮಾಡಿದ್ದೇ ನಮ್ಮನ್ನ ಜಾಸ್ತಿ ಹೊರಗೆ ತಂದಿದೆ, ವಿಧಾನಸೌಧದಲ್ಲಿ ಯಾರಾದ್ರೂ ಇದನ್ನ ಗಮನಿಸಿದಾರಾ ಗೊತ್ತಿಲ್ಲ. ಬಸ್ಸು ಈಗ ತುಂಬಿ ತುಳುಕುತ್ತೆ, ಅಂಗವಿಕಲರಿಗೆ ಅಂತ ಬರೆದಿರೋ ಸೀಟಲ್ಲಿ ಯಾರೋ ನಿದ್ದೆ ಹೊಡೀತಿರ್ತಾರೆ, ಅದೂ ನಿಜವೇ.

ಆದ್ರೆ ಅಮ್ಮನ ಜೊತೆ ಹೋಗೋದು ಬೇರೆ, ಗೆಳೆಯರ ಜೊತೆ ಹೋಗೋದು ಬೇರೆ, ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ ಅನ್ಕೋತೀನಿ. ಹೋಟೆಲಲ್ಲಿ ಸಪ್ಲೈಯರ್ ನನ್ನ ಮುಂದೆ ನಿಂತು ಅಮ್ಮನ್ನ ಕೇಳ್ತಾನೆ, "ಅವ್ರಿಗೆ ಏನ್ ಕೊಡ್ಲಿ ಅಮ್ಮ?" ಅಮ್ಮನೂ ನನ್ನ ಕೇಳ್ದೆ ಇಡ್ಲಿ ಅಂತಾರೆ. ಇಪ್ಪತ್ತಾರು ವರ್ಷದಿಂದ ಇಡ್ಲಿ. ಮನೆಯವರ ಪ್ರೀತೀನೂ ಒಂದು ಮೆಟ್ಲೇ ಸಾರ್, ಅದಕ್ಕೆ ಯಾವ ಕಾಯ್ದೇನೂ ರ‍್ಯಾಂಪ್ ಹಾಕೋಕಾಗಲ್ಲ. ಯಾಕೆ ಕಷ್ಟ ಪಡ್ತೀಯ, ಬಿದ್ರೆ ಏನ್ ಗತಿ, ಯಾರಾದ್ರೂ ಏನಾದ್ರೂ ಅಂದ್ರೆ, ಫೋನ್ ಇದೆಯಲ್ಲ ಅದ್ರಲ್ಲೇ ನೋಡು. ಹುಡುಗೀರಿಗೆ ಇದು ಹತ್ತು ಪಟ್ಟು, ಮನೆಗೆ ನೆಂಟ್ರು ಬಂದ್ರೆ ಒಳಗಿನ ರೂಮಿಗೆ ಕಳಿಸೋ ಮನೆಗಳು ಈಗ್ಲೂ ಇವೆ, ತಂಗಿಗೆ ಸಂಬಂಧ ನೋಡೋಕೆ ಬಂದೋರಿಗೆ ಅಕ್ಕ ಕಾಣಬಾರ್ದು ಅಂತ.

ಇನ್ನು ಸ್ಫೂರ್ತಿ ವಿಷಯ. ನಮ್ಮ ಹಾಸನ ಜಿಲ್ಲೆ ಇದ್ರಲ್ಲಿ ಬಹಳ ಪುಣ್ಯ ಮಾಡಿದೆ. ಗಿರೀಶ್ ಅವರು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹೈಜಂಪಲ್ಲಿ ಬೆಳ್ಳಿ ಗೆದ್ರು, ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಐಎಎಸ್ ಆಗಿದ್ಕೊಂಡೇ ಬ್ಯಾಡ್ಮಿಂಟನ್‌ನಲ್ಲಿ ಟೋಕಿಯೋದಲ್ಲೂ ಪ್ಯಾರಿಸ್‌ನಲ್ಲೂ ಬೆಳ್ಳಿ ತಂದ್ರು. ಇಬ್ರೂ ನಮ್ಮ ಹೆಮ್ಮೆ, ಎರಡು ಮಾತಿಲ್ಲ. ಆದ್ರೆ ಊರಲ್ಲಿ ಸಿಕ್ಕ ಸಿಕ್ಕೋರೆಲ್ಲಾ ನನಗೆ "ನೋಡಪ್ಪ ಅವರನ್ನ ನೋಡಿ ಕಲಿ" ಅಂತಾರಲ್ಲ, ಅವರ ಮಗ ಎರಡು ಸಬ್ಜೆಕ್ಟ್ ಬ್ಯಾಕ್ ಇಟ್ಕೊಂಡು ದಿನಾ ಸರ್ಕಲಲ್ಲಿ ನಿಂತಿರ್ತಾನೆ, ಅವನಿಗೆ ಯಾರೂ ಒಲಿಂಪಿಕ್ಸ್ ಉದಾಹರಣೆ ಕೊಡಲ್ಲ. ಪದಕ ಗೆದ್ರೆ ಮಾತ್ರ ಹೊರಗೆ ಕಾಣಿಸ್ಕೋಬಹುದು ಅಂದ್ರೆ ಉಳಿದೋರು ಏನ್ ಮಾಡ್ಬೇಕು? ನಂಗೂ ಸರ್ಕಲಲ್ಲಿ ನಿಲ್ಲೋ ಹಕ್ಕು ಬೇಕು, ಏನೂ ಸಾಧಿಸ್ದೆ.

ಆಟ ಅಂದ್ರೆ ನನಗೆ ಇಷ್ಟ ಆಗೋದು ಅಂಧರ ಕ್ರಿಕೆಟ್ಟು. 2025ರ ನವೆಂಬರಲ್ಲಿ ಕೊಲಂಬೋದಲ್ಲಿ ನಮ್ಮ ಅಂಧ ಹೆಣ್ಮಕ್ಕಳು ಟಿ20 ವಿಶ್ವಕಪ್ ಗೆದ್ರು, ಕ್ಯಾಪ್ಟನ್ ದೀಪಿಕಾ ಕರ್ನಾಟಕದ ಪರ ಆಡೋ ಹುಡುಗಿ. ಆ ಆಟದ ನಿಯಮ ನೋಡಿ, ಪ್ಲಾಸ್ಟಿಕ್ ಬಾಲ್ ಒಳಗೆ ಗುಂಡು ಹಾಕಿರ್ತಾರೆ ಸದ್ದು ಬರೋಕೆ, ಪೂರ್ತಿ ಕಣ್ಣು ಕಾಣದವರು ಬಿ1, ಸ್ವಲ್ಪ ಕಾಣೋರು ಬಿ2 ಬಿ3, ತಂಡದಲ್ಲಿ ಬಿ1 ಆಟಗಾರರು ನಾಲ್ಕು ಜನ ಇರ್ಲೇಬೇಕು, ಅವರು ಹೊಡೆದ ರನ್ ಎರಡು ಪಟ್ಟು ಎಣಿಕೆ. ಯಾರೂ ಯಾರನ್ನೂ ಪಾಪ ಅಂತಿಲ್ಲ, ಆಟದ ನಿಯಮಾನೇ ಸ್ವಲ್ಪ ತಿರುಗಿಸ್ಕೊಂಡ್ರು, ಎಲ್ರೂ ಒಳಗೆ ಬಂದ್ರು. ನಮ್ಮ ಬೀದಿ ಹುಡುಗ್ರು ಯಾವ ಪುಸ್ತಕಾನೂ ಓದ್ದೆ ಇದನ್ನೇ ಮಾಡಿದ್ರು. ನನಗಿಂತ ಚಿಕ್ಕೋರು, ಪಿಯುಸಿ ಹುಡುಗ್ರು, ಟೆನಿಸ್ ಬಾಲ್ ಟೂರ್ನಮೆಂಟ್ ಇಟ್ಟಾಗ "ಅಣ್ಣ ನೀವು ಲೆಕ್ಕದಲ್ಲಿ ಪಕ್ಕಾ ಅಲ್ವಾ, ಸ್ಕೋರಿಂಗ್ ನಿಮ್ದೇ" ಅಂತ ಬಂದು ಕರ್ಕೊಂಡು ಹೋದ್ರು. ಫೋನಲ್ಲಿ ಆ್ಯಪಲ್ಲಿ ಸ್ಕೋರ್ ಹಾಕ್ತೀನಿ, ನೋಬಾಲಾ ಅಲ್ವಾ ಅಂತ ನನ್ನ ಹತ್ರಾನೇ ಬಂದು ಕಿತ್ತಾಡ್ತಾರೆ, ಸೋತೋರು ಬೈತಾರೆ. ಮುಂದಿನ ಸಾಲಲ್ಲಿ ಚೇರ್ ಹಾಕಿ ಶಾಲು ಹೊದಿಸಿದ್ರೆ ಇಷ್ಟು ಖುಷಿ ಆಗ್ತಿರ್ಲಿಲ್ಲ. ಕೆಲಸ ಕೊಟ್ರು, ಅದಕ್ಕೇ ಅಲ್ಲಿ ನಾನು ನೋಡೋಕೆ ಬಂದೋನಲ್ಲ.

ಇದಕ್ಕೆ ದುಡ್ಡೂ ಬೇಕಾಗಿಲ್ಲ. ದುಡ್ಡು ಬೇಕಾದ ಕಡೆ ದುಡ್ಡೂ ಇದೆ. ಗ್ರಾಮ ಪಂಚಾಯ್ತಿಗಳು ತಮ್ಮ ಸ್ವಂತ ವರಮಾನದಲ್ಲಿ ಶೇ 5 ಅಂಗವಿಕಲರಿಗೆ ಎತ್ತಿಡಬೇಕು. ಅದು ಸಾಮಾನ್ಯವಾಗಿ ಏನಾಗುತ್ತೆ ಅಂದ್ರೆ ಮಾರ್ಚ್ ತಿಂಗಳ ಕೊನೇಲಿ ತಲೆಗಿಷ್ಟು ಅಂತ ಹಂಚಿ ಸಹಿ ಹಾಕಿಸ್ಕೋತಾರೆ, ಇಲ್ಲಾ ಕುಕ್ಕರೋ ಫ್ಯಾನೋ ಕೊಡ್ತಾರೆ. ಬಡತನ ಇರೋ ಮನೆಗೆ ಅದೂ ಬೇಕು, ಆದ್ರೆ ಅದ್ರಲ್ಲೇ ಸ್ವಲ್ಪ ತೆಗೆದು ಪಂಚಾಯ್ತಿ ಲೈಬ್ರರಿಗೆ, ಈಗ ಅರಿವು ಕೇಂದ್ರ ಅಂತಾರಲ್ಲ, ಅಲ್ಲಿಗೆ ಸರಿಯಾದ ರ‍್ಯಾಂಪು, ಒಂದು ಟಾಯ್ಲೆಟ್ಟು, ಒಂದು ಕೇರಂ ಬೋರ್ಡು ಮಾಡ್ಬಾರ್ದಾ. ವಾರಕ್ಕೊಂದು ಸಂಜೆ ಆಸುಪಾಸಿನ ನಾಲ್ಕು ಹಳ್ಳಿಯಿಂದ ಆಟೋ ಮಾಡಿ ಎಲ್ರನ್ನೂ ಕರ್ಕೊಂಡು ಬರಬಹುದು, ಅಂಗವಿಕಲರಷ್ಟೇ ಅಲ್ಲ, ಊರ ಬೇರೆ ಹುಡುಗ್ರೂ ಬರ್ಲಿ. ಬರೀ ನಮ್ಮನ್ನೇ ಒಂದು ರೂಮಲ್ಲಿ ಕೂಡಿಹಾಕಿದ್ರೆ ಅದು ಇನ್ನೊಂದು ಆಸ್ಪತ್ರೆ.

ಕೊನೇದಾಗಿ ಮಂಟಪ, ಇದಕ್ಕೇ ಪತ್ರ ಬರೆಯೋಕೆ ಕೂತಿದ್ದು.

ನಮ್ಮ ಕಡೆ ಮದುವೆ ಅಂದ್ರೆ ನಿಮಗೆ ಗೊತ್ತಲ್ಲ, ಅದೇ ನಮ್ಮ ಸಮಾಜ. ಯಾರ ಮಗ, ಏನು ಓದಿದಾನೆ, ಎಲ್ಲಿ ಕೆಲಸ, ಯಾರ ಮನೇಲಿ ಹೆಣ್ಣಿದೆ, ಎಲ್ಲಿ ಸೈಟ್ ಇದೆ, ಎಲ್ಲಾ ಅಲ್ಲೇ. ಮತ್ತೆ ಅದೆಲ್ಲಾ ನಡೆಯೋದು ಧಾರೆ ಹೊತ್ತಲ್ಲಲ್ಲ, ಊಟದ ಪಂಕ್ತೀಲಿ, ಎಲೆ ಮುಂದೆ ಕೂತ್ಕೊಂಡು ಕೋಸಂಬರಿ ಬರ್ಲಿ ಅಂತ ಕಾಯ್ತಾ ಇರ್ತೀವಲ್ಲ ಆವಾಗ. ನಮ್ಮೂರಿನ ಹೊಸ ಕಲ್ಯಾಣ ಮಂಟಪಗಳೆಲ್ಲಾ ಒಂದೇ ನಮೂನೆ, ರೋಡಿಂದ ಹತ್ತು ಹನ್ನೆರಡು ಮೆಟ್ಲು ಹತ್ತಿದ್ರೆ ಮದುವೆ ಹಾಲು, ಊಟದ ಹಾಲು ಕೆಳಗೆ ಬೇಸ್‌ಮೆಂಟಲ್ಲಿ, ಇಳಿಯೋಕೆ ಕಿರಿದಾದ ಮೆಟ್ಲು, ಅದ್ರ ಮೇಲೆ ಸದಾ ನೀರು. ಅತ್ತೆ ಮಗಳ ಮದುವೇಲಿ ಮೇಲಕ್ಕೇನೋ ಹುಡುಗ್ರು ಎತ್ಕೊಂಡು ಹೋದ್ರು. ಧಾರೆ ಮುಗೀತು, ಅಕ್ಷತೆ ಬಿತ್ತು, ಇಡೀ ಹಾಲು ಊಟಕ್ಕೆ ಅಂತ ಕೆಳಗೆ ನುಗ್ಗಿತು. ಆ ನೂಕುನುಗ್ಗಲಲ್ಲಿ ನನ್ನನ್ನ ಇಳಿಸೋದು ಆಗೋ ಮಾತಲ್ಲ. "ನೀನು ಇಲ್ಲೇ ಇರು ಮಗ, ಊಟ ಮೇಲಕ್ಕೇ ತರ್ತೀನಿ" ಅಂದ್ರು ಚಿಕ್ಕಪ್ಪ. ತಂದ್ರು ಕೂಡ, ಎಲ್ಲಾ ಒಂದೇ ತಟ್ಟೇಲಿ, ಪಾಯಸದ ಮೇಲೆ ಸಾರು ಸೇರ್ಕೊಂಡಿತ್ತು. ಪಕ್ಕದಲ್ಲಿ ಇಬ್ರು ಹೂವಿನ ಅಲಂಕಾರ ಕೀಳ್ತಾ ಇದ್ರು, ಫೋಟೋದವನು ವೈರ್ ಸುತ್ತುತ್ತಾ ಇದ್ದ. ಕೆಳಗಿಂದ ನಗು ಕೇಳಿಸ್ತಿತ್ತು. ಬಡಿಸೋರೆಲ್ಲಾ ನನಗೆ ಗೊತ್ತಿರೋ ಹುಡುಗ್ರೇ.

ಅದೇ ಮದುವೆ ಬೀಗರೂಟ ತೋಟದಲ್ಲಿ ಶಾಮಿಯಾನ ಹಾಕಿ ಮಾಡಿದ್ರು. ಮಣ್ಣಿನ ನೆಲ, ಒಂದು ಮೆಟ್ಲೂ ಇಲ್ಲ. ಸೀದಾ ಒಳಗೆ ಹೋದೆ, ಟೇಬಲಿಗೆ ಚೇರ್ ಸೇರಿಸ್ಕೊಂಡೆ, ಒಂದು ಕಡೆ ಬೇಲೂರಿನ ಭಾವ, ಇನ್ನೊಂದು ಕಡೆ ಯಾರೋ ಗುರುತಿಲ್ಲದ ಯಜಮಾನ್ರು. ಮುದ್ದೆ ನುಂಗ್ತಾ ಏನ್ ಮಾಡ್ಕೊಂಡಿದೀಯಪ್ಪ ಅಂದ್ರು, ಜಿಎಸ್‌ಟಿ ಲೆಕ್ಕ ಅಂದೆ, ನನ್ನ ಮಾತು ಅವರಿಗೆ ಮೊದಲು ತಿಳೀಲಿಲ್ಲ, ಇನ್ನೊಂದ್ಸಲ ಕೇಳಿದ್ರು, ಎರಡನೇ ಸಲ ತಿಳೀತು. ಅವರದ್ದು ಗೊಬ್ಬರದ ಅಂಗಡಿ ಅಂತೆ. ಈಗ ಅವರ ಲೆಕ್ಕಾನೂ ನಾನೇ ನೋಡ್ತೀನಿ. ಯಾವ ಉದ್ಯೋಗ ಮೇಳಾನೂ ನನಗೆ ಇಷ್ಟು ಸುಲಭವಾಗಿ ಕೆಲಸ ಕೊಟ್ಟಿಲ್ಲ. ಹಳೇ ಕಾಲದ ಶಾಮಿಯಾನಕ್ಕೆ ಆಗಿದ್ದು ಕೋಟಿಗಟ್ಟಲೆ ಸುರಿದು ಕಟ್ಟಿದ ಮಂಟಪಕ್ಕೆ ಆಗ್ಲಿಲ್ಲ ಅಂದ್ರೆ ನಾವು ಎತ್ತ ಕಡೆ ಮುಂದುವರೀತಿದೀವಿ ಅಂತ ಬೇಜಾರಾಗುತ್ತೆ.

ಮಂಟಪದವರು ಪ್ರೈವೇಟ್, ನಮ್ಮಿಷ್ಟ ಅನ್ನೋ ಹಂಗಿಲ್ಲ. 2016ರ ಕಾಯ್ದೆ ಸೆಕ್ಷನ್ 44 ಏನು ಹೇಳುತ್ತೆ ಅಂದ್ರೆ ಈ ನಿಯಮ ಪಾಲಿಸದ ನಕ್ಷೆಗೆ ಕಟ್ಟೋಕೆ ಪರ್ಮಿಷನ್ನೇ ಕೊಡೋ ಹಂಗಿಲ್ಲ, ಕಟ್ಟಿದ್ಮೇಲೆ ಕಂಪ್ಲೀಷನ್ ಸರ್ಟಿಫಿಕೇಟೂ ಇಲ್ಲ. ಊಟದ ಹಾಲು ನೆಲದ ಮಟ್ಟದಲ್ಲಿರ್ಲಿ, ಇಲ್ಲಾಂದ್ರೆ ಲಿಫ್ಟ್ ಹಾಕ್ಸಿ ಅಂತ ಒಂದು ಷರತ್ತು ಬರೆಯೋಕೆ ಪುರಸಭೆಗೆ ಹೊಸ ಕಾನೂನು ಬೇಕಾಗಿಲ್ಲ. ನಮ್ಮಜ್ಜಿಗೂ ಮಂಡಿ ನೋವು, ಅವರೂ ಆ ಮೆಟ್ಲು ಇಳಿಯೋಕಾಗದೇ ಎಷ್ಟೋ ಮದುವೇಲಿ ಊಟ ಮಾಡ್ದೆ ಬಂದಿದಾರೆ, ಮಗು ಎತ್ಕೊಂಡಿರೋ ಹೆಂಗಸರ ಕಷ್ಟಾನೂ ನೋಡಿದೀನಿ.

ಈಗ ನಮ್ಮೂರಲ್ಲಿ ಸಾರ್ವಜನಿಕರ ದುಡ್ಡಲ್ಲೇ ಒಂದು ಹೊಸ ಸಮುದಾಯ ಭವನ ಆಗ್ತಿದೆ. ನಕ್ಷೆ ನೋಡಿದೋರು ಹೇಳಿದ್ರು, ಅದ್ರಲ್ಲೂ ಊಟದ ಹಾಲು ಬೇಸ್‌ಮೆಂಟಲ್ಲೇ, ಲಿಫ್ಟಿಗೆ ಜಾಗ ಬಿಟ್ಟಿದಾರಂತೆ, ಲಿಫ್ಟು ಮುಂದಿನ ಹಂತದಲ್ಲಂತೆ. ಇನ್ನೂ ಪಾಯ ತೆಗೆದಿಲ್ಲ, ಹಾಲನ್ನ ನೆಲದ ಮಟ್ಟಕ್ಕೆ ತರೋಕೆ ಈಗಾದ್ರೆ ಒಂದು ಪೆನ್ಸಿಲ್ ಗೀಟು ಸಾಕು, ಕಾಂಕ್ರೀಟ್ ಬಿದ್ಮೇಲೆ ಆಗಲ್ಲ. ಸಂಬಂಧಪಟ್ಟ ಇಂಜಿನಿಯರ್ ಸಾಹೇಬ್ರು, ಸದಸ್ಯರು ಈ ಪತ್ರ ಓದ್ತಾರೆ ಅಂತ ನಂಬಿದೀನಿ. ಸಾರ್ವಜನಿಕರ ಅಭಿಪ್ರಾಯ ಕೇಳೋಕೆ ಸಭೆ ಕರೀತಾರಂತೆ, ದಯವಿಟ್ಟು ಅದನ್ನ ಆಫೀಸಿನ ಮಹಡಿ ಮೇಲಿನ ಹಾಲಲ್ಲಿ ಇಡಬೇಡಿ, ಕೆಳಗೆ ಇಡಿ, ನಾನು ಬರ್ತೀನಿ, ಇನ್ನೂ ಕೆಲವರನ್ನ ಕರ್ಕೊಂಡು ಬರ್ತೀನಿ.

ಇತಿ ನಿಮ್ಮ ವಾಚಕ,
ಹಾಸನ ಜಿಲ್ಲೆ
(ಹೆಸರು, ವಿಳಾಸ ಲಕೋಟೆ ಒಳಗೆ ಬೇರೆ ಚೀಟೀಲಿ ಬರೆದಿಟ್ಟಿದೀನಿ, ಪ್ರಕಟಿಸೋದು ಬೇಡ)